ಎನ್‌ವಿಡಿಎ ಇಂಗ್ಲಿಷ್ ಓದುತ್ತದೆ, ಕನ್ನಡ ಓದುವುದಿಲ್ಲ: ಏನು ಮಾಡಬೇಕು?

ನಿಮ್ಮ ಪ್ರಶ್ನೆಯಲ್ಲಿ ಮೂರು ದೂರುಗಳಿವೆ. ಗ್ಲುಕೋಮಾದಿಂದ ತಂದೆಯವರ ದೃಷ್ಟಿ ತೀರಾ ಕಮ್ಮಿಯಾಗಿದೆ, ವಿಂಡೋಸ್ 11 ಲ್ಯಾಪ್‌ಟಾಪ್‌ಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಹಾಕಿಕೊಟ್ಟಿದ್ದೀರಿ. ಅದು ಇಂಗ್ಲಿಷ್ ಓದುತ್ತದೆ, ಪತ್ರಿಕೆಯ ಜಾಲತಾಣದಲ್ಲಿ ಕನ್ನಡ ಬಂದ ಕೂಡಲೇ ಸುಮ್ಮನಾಗುತ್ತದೆ. ನಿವೃತ್ತ ನೌಕರರ ಸಂಘದಿಂದ ಬರುವ ವರ್ಡ್ ಕಡತ ತೆರೆದರೆ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ ಓದುತ್ತದೆ. ಪಿಡಿಎಫ್ ಆದರೆ ಖಾಲಿ ಎನ್ನುತ್ತದೆ. ಕೇಳುವವರಿಗೆ ಮೂರೂ ಒಂದೇ ಕಾಯಿಲೆಯಂತೆ ಕಾಣುತ್ತವೆ, ಆದರೆ ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಮೊದಲನೆಯದು ದನಿಯ ತೊಂದರೆ, ಎರಡನೆಯದು ಅಕ್ಷರಗಳನ್ನು ಕಡತದಲ್ಲಿ ಕೂಡಿಟ್ಟ ಬಗೆಯದು. ಮೂರನೆಯದರಲ್ಲಿ ಅಕ್ಷರವೇ ಇಲ್ಲ, ಇರುವುದು ಚಿತ್ರ. ಇದನ್ನು ಬಿಡಿಸಿಕೊಳ್ಳದೆ ಸೆಟ್ಟಿಂಗ್ ಬದಲಿಸುತ್ತಾ ಕೂತರೆ ದಿನಗಟ್ಟಲೆ ಹೋಗುತ್ತದೆ.

ದನಿಯಿಂದ ಶುರು ಮಾಡಿ. ವಿಂಡೋಸ್ 10 ಮತ್ತು 11ರಲ್ಲಿ ಎನ್‌ವಿಡಿಎ ಹಾಕಿದಾಗ ಅದು ತಾನಾಗಿ ವಿಂಡೋಸಿನದೇ ಆದ ಒನ್‌ಕೋರ್ ಎಂಬ ದನಿಯನ್ನು ಹಿಡಿಯುತ್ತದೆ. ಆ ಇಂಗ್ಲಿಷ್ ದನಿಗೆ ಕನ್ನಡ ಲಿಪಿ ಗೊತ್ತಿಲ್ಲ. ಹಾಗಾಗಿ ಸಾಲಿನಲ್ಲಿರುವ ಅಂಕಿ, ಇಂಗ್ಲಿಷ್ ಪದ ಓದಿ ಉಳಿದದ್ದನ್ನು ನುಂಗಿಬಿಡುತ್ತದೆ. ತಂತ್ರಾಂಶ ಕೆಟ್ಟಿಲ್ಲ. ಎನ್‌ವಿಡಿಎ ಜೊತೆಯಲ್ಲೇ ಬರುವ ಈಸ್ಪೀಕ್ ಎನ್‌ಜಿ ಎಂಬ ದನಿಯಲ್ಲಿ ಕನ್ನಡ ಇದೆ. ಬೇರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಇಂಟರ್ನೆಟ್ಟೂ ಬೇಡ.

ಎನ್‌ವಿಡಿಎ ಕೀ ಎಂದರೆ ಇನ್ಸರ್ಟ್. ಲ್ಯಾಪ್‌ಟಾಪ್‌ಗಳಲ್ಲಿ ಇನ್ಸರ್ಟ್ ಎಲ್ಲೋ ಮೂಲೆಯಲ್ಲಿ, ಕೆಲವದರಲ್ಲಿ ಎಫ್‌ಎನ್ ಕೀ ಜೊತೆ ಒತ್ತುವಂತೆ ಇರುತ್ತದೆ. ವಯಸ್ಸಾದವರ ಕೈಗೆ ಅದು ಸಿಗುವುದಿಲ್ಲ. ಆದ್ದರಿಂದ ಮೊದಲು ಎನ್‌ವಿಡಿಎ, ಕಂಟ್ರೋಲ್, ಕೆ ಮೂರನ್ನೂ ಒಟ್ಟಿಗೆ ಒತ್ತಿ ಕೀಬೋರ್ಡ್ ಸೆಟ್ಟಿಂಗ್ ತೆರೆದು, ಲೇಔಟನ್ನು ಲ್ಯಾಪ್‌ಟಾಪ್ ಎಂದು ಮಾಡಿ, ಕ್ಯಾಪ್ಸ್ ಲಾಕನ್ನೂ ಎನ್‌ವಿಡಿಎ ಕೀ ಆಗಿ ಗುರುತು ಹಾಕಿ. ಆಮೇಲೆ ನಿಜವಾದ ಕ್ಯಾಪ್ಸ್ ಲಾಕ್ ಬೇಕಾದಾಗ ಅದನ್ನು ಬೇಗ ಬೇಗ ಎರಡು ಸಲ ಒತ್ತಿದರಾಯಿತು.

ಈಗ ಎನ್‌ವಿಡಿಎ, ಕಂಟ್ರೋಲ್, ಎಸ್ ಒತ್ತಿ. ಸಿಂಥಸೈಜರ್, ಅಂದರೆ ಮಾತಾಡುವ ತಂತ್ರಾಂಶಗಳ ಪಟ್ಟಿ ಬರುತ್ತದೆ. ಬಾಣದ ಕೀಯಿಂದ ಈಸ್ಪೀಕ್ ಎನ್‌ಜಿ ಆರಿಸಿ ಎಂಟರ್ ಒತ್ತಿ. ನಂತರ ಎನ್‌ವಿಡಿಎ, ಕಂಟ್ರೋಲ್, ವಿ. ಅಲ್ಲಿ ವಾಯ್ಸ್ ಎಂಬ ಪಟ್ಟಿಯಲ್ಲಿ ಕೆ ಅಕ್ಷರ ಒತ್ತುತ್ತಾ ಹೋದರೆ ಕನ್ನಡ ಸಿಗುತ್ತದೆ. ಈ ದನಿ ಕನ್ನಡದ ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಓದುತ್ತದೆ. ವೇಗವನ್ನು ಮೊದಲು 30ರ ಆಸುಪಾಸಿನಲ್ಲಿಡಿ, ರೇಟ್ ಬೂಸ್ಟ್ ಗುರುತು ತೆಗೆದಿಡಿ. ವೇರಿಯಂಟ್ ಪಟ್ಟಿಯಲ್ಲಿ ಹಲವು ಬಗೆಯ ದನಿಗಳಿವೆ. ಒಂದೊಂದನ್ನೂ ಕೇಳಿಸಿ, ಅವರೇ ಆರಿಸಲಿ. ದಿನವಿಡೀ ಕೇಳುವವರು ಅವರು, ನೀವಲ್ಲ. ಕೊನೆಗೆ ಎನ್‌ವಿಡಿಎ, ಕಂಟ್ರೋಲ್, ಸಿ ಒತ್ತಿ ಉಳಿಸಿ.

ಈಸ್ಪೀಕ್ ದನಿ ಯಂತ್ರದ ದನಿಯೇ. ಮೊದಲ ದಿನ ಎಲ್ಲರೂ ಮುಖ ಸಿಂಡರಿಸುತ್ತಾರೆ. ಆದರೆ ಕೀ ಒತ್ತಿದ ತಕ್ಷಣ ಮಾತಾಡುವ, ವೇಗ ಹೆಚ್ಚಿಸಿದರೂ ಸ್ಪಷ್ಟವಾಗಿರುವ ಗುಣ ಅದಕ್ಕಿದೆ. ಕೆಲಸ ಮಾಡುವಾಗ ಬೇಕಾದದ್ದು ಅದೇ. ಉದ್ದ ಲೇಖನವನ್ನು ಹಿತವಾದ ದನಿಯಲ್ಲಿ ಕೇಳಬೇಕೆಂದರೆ ಎಡ್ಜ್ ಬ್ರೌಸರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಯು ಒತ್ತಿ. ರೀಡ್ ಅಲೌಡ್ ಶುರುವಾಗುತ್ತದೆ, ಅದರಲ್ಲಿ ಸಪ್ನಾ, ಗಗನ್ ಎಂಬ ಎರಡು ಕನ್ನಡ ದನಿಗಳಿವೆ. ಇದಕ್ಕೆ ಇಂಟರ್ನೆಟ್ ಬೇಕು. ಎರಡು ದನಿ ಒಟ್ಟಿಗೆ ಮಾತಾಡಿ ಗಲಿಬಿಲಿಯಾದರೆ ಎನ್‌ವಿಡಿಎ ಮತ್ತು ಎಸ್ ಒತ್ತಿ ಎನ್‌ವಿಡಿಎ ಮಾತನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ಅದನ್ನೇ ಮತ್ತೆ ಒತ್ತುತ್ತಾ ಹೋದರೆ ಮಾತು ಮರಳುತ್ತದೆ. ಇದನ್ನು ಹೇಳಿಕೊಡದೆ ಬಿಟ್ಟರೆ ‘ಕಂಪ್ಯೂಟರ್ ಸತ್ತುಹೋಯಿತು’ ಎಂದು ಫೋನ್ ಬರುವುದು ಖಂಡಿತ.

ಇನ್ನೊಂದು ಸಣ್ಣ ತೊಡಕು: ಅದೇ ಸೆಟ್ಟಿಂಗ್‌ನಲ್ಲಿ ‘ಆಟೋಮ್ಯಾಟಿಕ್ ಲ್ಯಾಂಗ್ವೇಜ್ ಸ್ವಿಚಿಂಗ್’ ಎಂಬ ಗುರುತು ಇದೆ. ಪುಟ ತನ್ನ ಭಾಷೆ ಯಾವುದೆಂದು ಹೇಳುತ್ತದೋ ಆ ಭಾಷೆಗೆ ದನಿ ಹೊರಳುತ್ತದೆ. ಪುಟದ ತುಂಬ ಕನ್ನಡವಿದ್ದರೂ ಅದನ್ನು ಮಾಡಿದವರು ಇಂಗ್ಲಿಷ್ ಎಂದು ಬರೆದಿಟ್ಟಿದ್ದರೆ ಉಚ್ಚಾರ ಕೆಡುತ್ತದೆ. ಒಂದು ಜಾಲತಾಣದಲ್ಲಿ ಕನ್ನಡ ಸರಿ, ಇನ್ನೊಂದರಲ್ಲಿ ವಿಚಿತ್ರ ಎನಿಸಿದರೆ ಈ ಗುರುತು ತೆಗೆದು ನೋಡಿ.

ಈಗ ವರ್ಡ್ ಕಡತ. ಅದರ ಮೇಲೆ ಕರ್ಸರ್ ಇಟ್ಟು ಎನ್‌ವಿಡಿಎ ಮತ್ತು ಎಫ್ ಒತ್ತಿ. ಫಾಂಟಿನ ಹೆಸರು ಹೇಳುತ್ತದೆ. ‘ನುಡಿ 01 ಇ’, ‘ಬಿಆರ್‌ಎಚ್ ಕನ್ನಡ’, ‘ಶ್ರೀ ಕನ್’ ಎಂದು ಶುರುವಾಗುವ ಹೆಸರು ಕೇಳಿದರೆ ಅದು ಹಳೆಯ ಪದ್ಧತಿಯ ಕಡತ. ‘ನಿರ್ಮಲಾ ಯುಐ’, ‘ತುಂಗಾ’, ‘ನೋಟೊ’, ‘ನುಡಿ ಯೂನಿ’ ಎಂದರೆ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವ ಈಗಿನ ಪದ್ಧತಿ.

ಹಳೆಯ ಪದ್ಧತಿಯಲ್ಲಿ ಕಡತದೊಳಗೆ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರವನ್ನು ಫಾಂಟ್ ಕೂರಿಸಿರುತ್ತದೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದದೊಳಗೆ ನಿಜವಾಗಿ ಇರುವುದು ಇಷ್ಟು: ದೊಡ್ಡ ಪಿ, ತಲೆಯ ಮೇಲೆ ಗೆರೆಯುಳ್ಳ ದೊಡ್ಡ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೆರೆಯ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಗೆರೆಯ ಎ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಈ ಏಳು ಅಕ್ಷರ. ಸ್ಕ್ರೀನ್ ರೀಡರ್ ಕಣ್ಣಿನಿಂದ ನೋಡುವುದಿಲ್ಲ, ಒಳಗಿರುವುದನ್ನು ಇದ್ದ ಹಾಗೇ ಹೇಳುತ್ತದೆ. ಫಾಂಟನ್ನು ನಿರ್ಮಲಾಕ್ಕೆ ಬದಲಿಸಿದರೂ ಪ್ರಯೋಜನವಿಲ್ಲ. ಆಗ ನಿಮ್ಮ ಕಣ್ಣಿಗೂ ಅದೇ ಕಸ ಕಾಣುತ್ತದೆ, ಅಷ್ಟೇ.

ಅನುಮಾನ ಉಳಿದರೆ ಖಚಿತ ಪರೀಕ್ಷೆ ಇದೆ. ಒಂದು ಅಕ್ಷರದ ಮೇಲೆ ನಿಂತು, ಲ್ಯಾಪ್‌ಟಾಪ್ ಲೇಔಟಿನಲ್ಲಿ ಎನ್‌ವಿಡಿಎ ಹಿಡಿದು ಪೂರ್ಣವಿರಾಮದ ಕೀಯನ್ನು ಬೇಗನೆ ಮೂರು ಸಲ ಒತ್ತಿ. ಆ ಅಕ್ಷರದ ಸಂಖ್ಯೆ ಹೇಳುತ್ತದೆ. 3200ರಿಂದ 3327ರೊಳಗೆ ಇದ್ದರೆ ಅದು ನಿಜವಾದ ಕನ್ನಡ. ‘ಕ’ ಎಂದರೆ 3221. ನುಡಿ ಕಡತದ ‘ಕ’ ಮೇಲೆ ನಿಂತರೆ 80 ಎನ್ನುತ್ತದೆ, ಅದು ಪಿ.

ಇಂಥ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು. ನುಡಿ ಮತ್ತು ಬರಹ ತಂತ್ರಾಂಶಗಳಲ್ಲೇ ಪರಿವರ್ತಕ ಇದೆ. ಪಠ್ಯ ಅಂಟಿಸಿ ಬದಲಿಸಿಕೊಳ್ಳುವ ಆನ್‌ಲೈನ್ ಪರಿವರ್ತಕಗಳೂ ಇವೆ. ಮೂಲ ಕಡತದ ನಕಲು ಮಾಡಿಟ್ಟುಕೊಂಡು, ಪಠ್ಯವನ್ನೆಲ್ಲ ಆಯ್ದು ಪರಿವರ್ತಕಕ್ಕೆ ಕೊಟ್ಟು, ಬಂದದ್ದನ್ನು ಹೊಸ ಕಡತಕ್ಕೆ ಹಾಕಿ. ಆಮೇಲೆ ಮೂರು ಕಡೆ ಕಣ್ಣಾಡಿಸಿ. ಒಂದು, ಕಡತದಲ್ಲಿದ್ದ ಇಂಗ್ಲಿಷ್ ಪದ, ಇಮೇಲ್ ವಿಳಾಸ, ಸುತ್ತೋಲೆಯ ಸಂಖ್ಯೆಯ ಅಕ್ಷರಗಳು ಅರ್ಥವಿಲ್ಲದ ಕನ್ನಡವಾಗಿರುತ್ತವೆ, ಏಕೆಂದರೆ ಪರಿವರ್ತಕಕ್ಕೆ ಇಂಗ್ಲಿಷಿನ ಪಿ ಯಾವುದು, ‘ಕ’ಗೆ ನಿಂತ ಪಿ ಯಾವುದು ತಿಳಿಯದು. ಎರಡು, ಅರ್ಕಾವೊತ್ತು. ‘ಧರ್ಮ’, ‘ಸೂರ್ಯ’ದಂಥ ಪದಗಳಲ್ಲಿ ಹಳೆಯ ಪದ್ಧತಿ ಅರ್ಕಾವೊತ್ತನ್ನು ಕಾಣುವ ಕ್ರಮದಲ್ಲಿ, ವ್ಯಂಜನದ ನಂತರ ಇಡುತ್ತದೆ, ಯೂನಿಕೋಡಿನಲ್ಲಿ ‘ರ’ ಮೊದಲು ಬರಬೇಕು. ಪರಿವರ್ತಕ ಎಡವುವುದು ಇಲ್ಲೇ. ಮೂರು, ಟೇಬಲ್. ಪಿಂಚಣಿ ಲೆಕ್ಕದಂಥ ಕೋಷ್ಟಕವನ್ನು ಒಟ್ಟಿಗೆ ಕೊಟ್ಟರೆ ಸಾಲುಗಳು ಕಲಸಿಹೋಗಬಹುದು. ಒಂದೊಂದು ಕಾಲಂ ಬೇರೆ ಬೇರೆ ಬದಲಿಸಿ.

ಪ್ರತಿ ತಿಂಗಳೂ ಈ ಪಾಡು ಬೇಡವೆಂದರೆ ಕಳಿಸುವವರಿಗೇ ಹೇಳಿ. ಸಂಘದಲ್ಲಿ ಟೈಪ್ ಮಾಡುವವರಿಗೆ ‘ನುಡಿ ಬಿಡಿ’ ಎನ್ನಬೇಕಿಲ್ಲ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಬೆರಳಿಗೆ ರೂಢಿಯಾದ ಕೀಲಿಮಣೆ ವಿನ್ಯಾಸ ಬದಲಾಗುವುದಿಲ್ಲ. ಈ ಮಾತು ಕೇಳಿದ ಮೇಲೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕನ್ನಡದಲ್ಲಿ ಕಚೇರಿ ಕೆಲಸ ಮಾಡುವ ಪ್ರತಿಯೊಬ್ಬರೂ ಈ ಒಂದು ಬದಲಾವಣೆ ಮಾಡಿಕೊಂಡರೆ ಅಂಧರ ಅರ್ಧ ಕಷ್ಟ ಕಳೆಯುತ್ತದೆ ಎಂದು ನಾನು ನಂಬಿದ್ದೇನೆ.

ಯೂನಿಕೋಡ್ ಕಡತದಲ್ಲೂ ಪದದ ನಡುವೆ ‘ಸೊನ್ನೆ’ ಎಂದು ಕೇಳಿಸಿದರೆ, ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡ ಅಂಕಿ ೦ ಹಾಕಿದ್ದಾರೆ ಎಂದರ್ಥ. ಕಣ್ಣಿಗೆ ಎರಡೂ ಒಂದೇ. ಹುಡುಕಿ ಬದಲಿಸುವಾಗ ಜೋಪಾನ: ಕಡತದಲ್ಲಿ ೧೦, ೨೦ ಎಂಬ ಕನ್ನಡ ಅಂಕಿಗಳಿದ್ದರೆ ಅವೂ ಕೆಡುತ್ತವೆ.

ಪಿಡಿಎಫ್‌ಗೆ ಬರೋಣ. ಒಂದು ಸಾಲು ಆಯ್ದು ನೋಟ್‌ಪ್ಯಾಡಿಗೆ ಅಂಟಿಸಿ. ಸರಿಯಾದ ಕನ್ನಡ ಬಂದರೆ ತೊಂದರೆಯಿಲ್ಲ. ಮೇಲೆ ಹೇಳಿದ ಏಳು ಅಕ್ಷರದಂಥ ಕಸ ಬಂದರೆ ಅದೇ ಯೂನಿಕೋಡ್ ಪರಿವರ್ತನೆ ಮಾಡಿ. ಆಯ್ಕೆಯೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಕನ್ನಡವೇ ಬಂದು ಸ್ವರಚಿಹ್ನೆ, ಒತ್ತಕ್ಷರ ಅದಲುಬದಲಾಗಿದ್ದರೆ ಅದನ್ನೂ ಚಿತ್ರವೆಂದೇ ಭಾವಿಸಿ ಒಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯವಾಗಿಸುವುದು) ಮಾಡುವುದು ಲೇಸು. ತಿದ್ದುತ್ತಾ ಕೂತರೆ ಮುಗಿಯುವುದಿಲ್ಲ.

ಎನ್‌ವಿಡಿಎ ಮತ್ತು ಆರ್ ಒತ್ತಿದರೆ ಬರುವ ಒಸಿಆರ್ ವಿಂಡೋಸಿನದು, ಅದು ಕನ್ನಡ ಗುರುತಿಸುವುದಿಲ್ಲ. ಕನ್ನಡಕ್ಕೆ ಸುಲಭದ ದಾರಿ ಗೂಗಲ್ ಡ್ರೈವ್. ಪುಟಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಫೋನಿನಲ್ಲಿ ತೆಗೆಯುವುದಾದರೆ ಪುಸ್ತಕ ಚಪ್ಪಟೆಯಾಗಿರಲಿ, ಒಂದು ಚಿತ್ರಕ್ಕೆ ಒಂದೇ ಪುಟ, ನೆರಳು ಬೀಳದಿರಲಿ. ಹತ್ತು ಹತ್ತು ಪುಟದ ತುಂಡು ಮಾಡಿ, ಪ್ರತಿ ತುಂಡು 2 ಎಂಬಿ ಒಳಗಿರುವಂತೆ ನೋಡಿಕೊಂಡು ಡ್ರೈವ್‌ಗೆ ಏರಿಸಿ. ಕಡತದ ಮೇಲೆ ಶಿಫ್ಟ್, ಎಫ್10 ಒತ್ತಿ, ಓಪನ್ ವಿತ್‌ನಲ್ಲಿ ಗೂಗಲ್ ಡಾಕ್ಸ್ ಆರಿಸಿ. ಬಂದದ್ದನ್ನು ವರ್ಡ್ ಆಗಿ ಇಳಿಸಿಕೊಂಡು ತಂದೆಗೆ ಕೊಡಿ; ಡಾಕ್ಸ್‌ಗಿಂತ ವರ್ಡ್‌ನಲ್ಲಿ ಅವರ ಓಡಾಟ ಸರಾಗ. ಎರಡು ಕಾಲಂ ಪುಟವಾದರೆ ಸಾಲುಗಳು ಅಡ್ಡಡ್ಡ ಸೇರಿಕೊಳ್ಳುವ ಸಂಭವವಿದೆ, ಮೊದಲೇ ಕಾಲಂ ಕತ್ತರಿಸಿ. ಬ-ಭ, ದ-ಧ, ಪ-ಷ ಬದಲಾಗುವುದು, ಸಣ್ಣ ಒತ್ತಕ್ಷರ ಬಿಟ್ಟುಹೋಗುವುದು ಮಾಮೂಲಿ. ಓದಿ ತಿಳಿಯಲು ಇಷ್ಟು ಸಾಕು. ಔಷಧಿಯ ಪ್ರಮಾಣ, ಬ್ಯಾಂಕಿನ ಮೊತ್ತ ಇರುವ ಕಾಗದವನ್ನು ಮಾತ್ರ ಕಣ್ಣಿದ್ದವರು ಒಮ್ಮೆ ಹೋಲಿಸಿ ನೋಡಲೇಬೇಕು.

ಪುಸ್ತಕ ಸ್ಕ್ಯಾನ್ ಮಾಡುವುದು ತಪ್ಪಲ್ಲವೇ ಎಂಬ ಅಳುಕು ಬೇಡ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ದೃಷ್ಟಿದೋಷವುಳ್ಳವರ ಸ್ವಂತ ಓದಿಗೆ ಇಂಥ ಪ್ರತಿ ಮಾಡಿಕೊಡಲು ಅವಕಾಶ ಕೊಡುತ್ತದೆ. 2016ರಲ್ಲಿ ಶುರುವಾದ, ಮುದ್ರಿತ ಪುಸ್ತಕ ಓದಲಾಗದವರ ಆನ್‌ಲೈನ್ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯದಲ್ಲೂ ಕನ್ನಡ ಪುಸ್ತಕಗಳಿವೆ. ದೃಷ್ಟಿದೋಷದ ದಾಖಲೆ ತೋರಿಸಿ ಸದಸ್ಯರಾಗಬಹುದು.

ದಿನಪತ್ರಿಕೆಗೆ ಇ-ಪೇಪರ್ ತೆರೆಯಬೇಡಿ, ಅದು ಬಹುಪಾಲು ಪುಟದ ಚಿತ್ರ. ಪ್ರಜಾವಾಣಿ, ಉದಯವಾಣಿಯ ಜಾಲತಾಣಗಳು ಯೂನಿಕೋಡಿನಲ್ಲಿವೆ. ಎಚ್ ಒತ್ತುತ್ತಾ ಹೋದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದು. ಸುದ್ದಿ ತೆರೆದ ಮೇಲೆ ಎಡ್ಜ್‌ನಲ್ಲಿ ಎಫ್9 ಒತ್ತಿದರೆ ಜಾಹೀರಾತೆಲ್ಲ ಸರಿದು ಬರಹವಷ್ಟೇ ಉಳಿಯುತ್ತದೆ, ಆಮೇಲೆ ಎನ್‌ವಿಡಿಎ ಮತ್ತು ಎ ಒತ್ತಿದರೆ ಕೊನೆಯವರೆಗೂ ಓದುತ್ತದೆ.

ಅವರಿಗೆ ಇನ್ನೂ ಸ್ವಲ್ಪ ಕಾಣುತ್ತದೆ ಎಂದಿದ್ದೀರಿ. ಹಾಗಾದರೆ ಮ್ಯಾಗ್ನಿಫೈಯರನ್ನೂ ಜೊತೆಗಿಡಿ: ವಿಂಡೋಸ್ ಮತ್ತು ಪ್ಲಸ್ ಒತ್ತಿದರೆ ದೊಡ್ಡದಾಗುತ್ತದೆ, ವಿಂಡೋಸ್ ಮತ್ತು ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ, ಕಂಟ್ರೋಲ್, ಆಲ್ಟ್, ಐ ಒತ್ತಿದರೆ ಬಣ್ಣ ತಿರುವುಮುರುವಾಗುತ್ತದೆ. ಬಿಳಿ ಹಿನ್ನೆಲೆಯ ಪ್ರಖರತೆ ತಡೆಯಲಾಗದವರಿಗೆ ಕಪ್ಪಿನ ಮೇಲೆ ಬಿಳಿ ಅಕ್ಷರ ಹಿತ. ವರ್ಡ್‌ನಲ್ಲಿ ನಿರ್ಮಲಾ ಯುಐ ಫಾಂಟನ್ನು 22 ಅಥವಾ 24ಕ್ಕೆ ಇಟ್ಟು, ಸಾಲಿನ ಅಂತರ ಒಂದೂವರೆ ಮಾಡಿ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಅಂತರ ಕಮ್ಮಿಯಿದ್ದರೆ ಕೆಳಸಾಲಿನ ತಲೆಕಟ್ಟಿಗೆ ತಾಗುತ್ತವೆ.

ಅವರು ಕನ್ನಡದಲ್ಲಿ ಬರೆಯಲೂ ಬಯಸಿದರೆ ವಿಂಡೋಸಿನ ಭಾಷೆಗಳಿಗೆ ಕನ್ನಡ ಸೇರಿಸಿ, ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿಸಿ. ಪದಗಳ ಪಟ್ಟಿ ತೋರಿಸಿ ಆರಿಸಿಕೊಳ್ಳುವಂತೆ ಹೇಳುವ ಕೀಲಿಮಣೆಗಳಲ್ಲಿ ಕಾಣದವರು ಪ್ರತಿ ಪದಕ್ಕೂ ಪಟ್ಟಿ ಕೇಳುತ್ತಾ ನಿಲ್ಲಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಒತ್ತಿದ್ದೇ ಬೀಳುತ್ತದೆ. ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕೆ ಕೀಯಲ್ಲಿ ಕ, ಶಿಫ್ಟ್ ಹಿಡಿದರೆ ಖ. ಡಿ ಕೀಯಲ್ಲಿ ಅರ್ಧಾಕ್ಷರದ ಚಿಹ್ನೆ. ‘ಕನ್ನಡ’ ಎನ್ನಲು ಕೆ, ವಿ, ಡಿ, ವಿ, ಮತ್ತು ಪಿ ಪಕ್ಕದ ಚೌಕ ಆವರಣದ ಕೀ. ಭಾಷೆ ಬದಲಿಸಲು ವಿಂಡೋಸ್ ಮತ್ತು ಸ್ಪೇಸ್. ಯಾವ ಭಾಷೆಗೆ ಬಂತೆಂದು ಎನ್‌ವಿಡಿಎ ಹೇಳುತ್ತದೆ.