ಸ್ಟೆಂಟ್ ಹಾಕಿದ ಮೇಲೂ ಅಪ್ಪನಿಗೆ ಭಯ, ಕೌನ್ಸೆಲಿಂಗ್ ನಿಜವಾಗಿ ಬೇಕಾ?

ಆಂಜಿಯೋಪ್ಲಾಸ್ಟಿ (ಹೃದಯದ ಕಟ್ಟಿದ ರಕ್ತನಾಳ ಬಿಡಿಸಿ ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆ ಹಾಕುವುದು) ಆಗಿ ಎರಡು ತಿಂಗಳಾಯಿತು, ರಿಪೋರ್ಟ್ ಎಲ್ಲ ಚೆನ್ನಾಗಿದೆ, ಆದರೂ ಅಪ್ಪ ಹೊರಗೆ ಕಾಲಿಡುತ್ತಿಲ್ಲ, ಕೌನ್ಸೆಲಿಂಗ್ ಅಂದರೆ "ನನಗೇನು ಹುಚ್ಚಾ?" ಅಂತ ರೇಗುತ್ತಾರೆ ಎಂದು ಬರೆದಿದ್ದೀರಿ. ನಾನೂ ಹೆಂಡತಿಗೆ ಹೀಗೇ ರೇಗಿದ್ದೆ.

ನನಗೆ ಹಾರ್ಟ್ ಅಟ್ಯಾಕ್ ಆದಾಗ 51 ವರ್ಷ. ಒಂದು ಸ್ಟೆಂಟ್, ನಾಲ್ಕನೇ ದಿನ ಡಿಸ್ಚಾರ್ಜ್. ಆಸ್ಪತ್ರೆಯಲ್ಲಿ ಧೈರ್ಯವಾಗಿಯೇ ಇದ್ದೆ. ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ದಿಂಬಿನ ಕೆಳಗೆ ಸಾರ್ಬಿಟ್ರೇಟ್ (ಎದೆ ನೋವು ಬಂದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ) ಇಲ್ಲದೆ ಮಲಗುತ್ತಿರಲಿಲ್ಲ. ಎಡಮಗ್ಗುಲಾದರೆ ಎದೆಯ ಡವಡವ ಕಿವಿಗೇ ಕೇಳಿಸುತ್ತಿತ್ತು. ಎದ್ದು ಕೂತು ನಾಡಿ ಎಣಿಸುತ್ತಿದ್ದೆ. ಎಣಿಸಿದಷ್ಟೂ ಗಾಬರಿ, ಗಾಬರಿಗೆ ನಾಡಿ ಇನ್ನೂ ಜಾಸ್ತಿ. ಬಚ್ಚಲುಮನೆ ಚಿಲಕ ಹಾಕುವುದನ್ನೂ ಬಿಟ್ಟಿದ್ದೆ.

ಹೃದಯದ ಡಾಕ್ಟರೇ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಬಾಲ್ಯದ ಕಥೆಯೆಲ್ಲ ಕೆದಕುತ್ತಾರೆ ಅಂದುಕೊಂಡಿದ್ದೆ. ಆ ಮೇಡಂ ಕೇಳಿದ್ದು ಇಷ್ಟೇ: "ಏನೇನು ಮಾಡೋದು ಬಿಟ್ಟಿದ್ದೀರಿ?" ಪಟ್ಟಿಯಲ್ಲಿ ಮೊದಲು ಬಂದದ್ದು ನಮ್ಮ ಮಹಡಿ ಮೆಟ್ಟಿಲು, ಹದಿನೆಂಟು. ಡಾಕ್ಟರು ಹತ್ತಬಹುದು ಅಂದಿದ್ದರು, ಹತ್ತದೇ ಇದ್ದವನು ನಾನು. ಹತ್ತುವ ಮುಂಚೆ ಏನಾಗುತ್ತೆ ಅನ್ನಿಸುತ್ತದೋ ಅದನ್ನು ಬರೆಯಬೇಕು, ಹತ್ತಿದ ಮೇಲೆ ನಿಜವಾಗಿ ಆದದ್ದನ್ನು. ನನ್ನ ನೋಟ್‌ಬುಕ್ಕಿನ ಮೊದಲ ಸಾಲು: "ಅರ್ಧಕ್ಕೇ ಬೀಳುತ್ತೇನೆ." ಅದರ ಕೆಳಗೆ: "ಏದುಸಿರು ಬಂತು. ಎರಡು ನಿಮಿಷಕ್ಕೆ ಹೋಯಿತು. ಮೇಲೆ ಹಪ್ಪಳಕ್ಕೆ ಕಾಗೆ ಬಾಯಿ ಹಾಕಿತ್ತು, ಓಡಿಸಿದೆ." ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ, ಅದರಲ್ಲಿ ನನಗೆ ಕೆಲಸ ಮಾಡಿದ್ದು ಇದೇ. ಎಂಟು ಸಲ ಹೋದೆ.

ಇದರಿಂದ ಆಯಸ್ಸು ಹೆಚ್ಚುತ್ತೆ ಅಂತ ಯಾರಾದರೂ ಹೇಳಿದರೆ ಮಾತ್ರ ಪೂರ್ತಿ ನಂಬಬೇಡಿ. ಅಮೆರಿಕದಲ್ಲಿ ಸುಮಾರು 2,500 ಹಾರ್ಟ್ ಅಟ್ಯಾಕ್ ರೋಗಿಗಳ ಮೇಲೆ ನಡೆಸಿ, 2003ರಲ್ಲಿ ಪ್ರಕಟವಾದ 'ಎನ್‌ರಿಚ್ಡ್' ಅಧ್ಯಯನದಲ್ಲಿ ಥೆರಪಿಯಿಂದ ಖಿನ್ನತೆ ತಗ್ಗಿತು, ಸಾವಿನ ಪ್ರಮಾಣ ತಗ್ಗಲಿಲ್ಲ. ಆದರೆ ಮನಸ್ಸು ಕುಗ್ಗಿದವರು ಮಾತ್ರೆ, ವಾಕಿಂಗ್ ಎಲ್ಲ ಕೈಬಿಡುತ್ತಾರೆ. ನಾನೇ "ಹೇಗೂ ಸಾಯೋದೇ ಅಲ್ವಾ" ಅಂತ ರಾತ್ರಿ ಮಾತ್ರೆ ತಪ್ಪಿಸುತ್ತಿದ್ದೆ. ಸ್ಟೆಂಟ್ ಹಾಕಿಸಿಕೊಂಡವನು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ತಪ್ಪಿಸುವುದು ಎಷ್ಟು ಅಪಾಯ ಅಂತ ಆಮೇಲೆ ಗೊತ್ತಾಯಿತು. ನಿಮ್ಮಪ್ಪನ ಮಾತ್ರೆ ಡಬ್ಬಿ ಒಮ್ಮೆ ನೋಡಿ.

ಅಪ್ಪ ಬರಲ್ಲ ಅಂದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿಸಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗಂಟೆಗೊಮ್ಮೆ "ಎದೆ ನೋಯ್ತಿದೆಯಾ?" ಅಂತ ಕೇಳೋದು ನಿಲ್ಲಿಸಿ, ನನ್ನ ಮಗ ಕೇಳಿ ಕೇಳಿಯೇ ಅರ್ಧ ಭಯ ಹುಟ್ಟಿಸಿದ್ದ. ಆದರೆ ಅವರಾಗಿಯೇ ಎದೆ ನೋವು ಅಂದರೆ, ಸುಮ್ನೆ ಭಯ ಇರಬೇಕು ಅಂತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.