ನೋಟ್‌ಬುಕ್ಕಿನ ಅಂಚಿನ ಚುಕ್ಕೆಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಆಕೆ ಹೇಳಿಕೊಂಡು ಬಂದ ತೊಂದರೆ ನಿದ್ದೆಯದು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ. ವಯಸ್ಸು 27, ಜೀವವಿಜ್ಞಾನದಲ್ಲಿ ಪಿಎಚ್‌ಡಿ. ಬ್ಯಾಕ್ಟೀರಿಯಾ ಬೆಳೆಸಿ, ದಿನಾ ಸ್ವಲ್ಪವನ್ನು ಹೊಸ ಫ್ಲಾಸ್ಕಿಗೆ ದಾಟಿಸುತ್ತಾ, ತಲೆಮಾರು ಕಳೆದಂತೆ ಅವು ಹೇಗೆ ಬದಲಾಗುತ್ತವೆ ಎಂದು ನೋಡುವ ಕೆಲಸ.

ಮೊದಲ ಭೇಟಿಯಲ್ಲಿ ಬರೀ ಗೈಡ್, ಥೀಸಿಸ್, ಡೆಡ್‌ಲೈನ್. ಎರಡನೇ ಸಲ ಬ್ಯಾಗ್ ಹೆಗಲಿಗೇರಿಸಿ ಎದ್ದ ಮೇಲೆ, "ಮೇಡಂ, ಇನ್ನೊಂದು ವಿಷಯ. ನಾನು ದೇವರನ್ನು ನಂಬ್ತೀನಿ" ಎಂದರು. ಕದ್ದು ಸಿಕ್ಕಿಬಿದ್ದವರ ದನಿ. (ಮುಖ್ಯವಾದ ಮಾತು ಬಾಗಿಲ ಹತ್ತಿರ ಬರುವುದು ನಮ್ಮ ಕೆಲಸದಲ್ಲಿ ಮಾಮೂಲು.)

ವಿಷಯ ಇಷ್ಟು. ಲ್ಯಾಬಿನಲ್ಲಿ ಊಟದ ಹೊತ್ತಿಗೆ ಸೀನಿಯರ್ ಒಬ್ಬರು, "ಇನ್ನೂ ದೇವರು ಅಂತಿರೋರಿಗೆ ವಿಜ್ಞಾನ ಅರ್ಥವೇ ಆಗಿಲ್ಲ" ಎಂದಿದ್ದರು. ಎಲ್ಲರೂ ನಕ್ಕರು. ಈಕೆಯೂ ನಕ್ಕರು. ಮನೆಯಲ್ಲಿ ಇದರ ಉಲ್ಟಾ. ಒಂದೊಂದು ಜೀವಿಯನ್ನೂ ದೇವರು ಬೇರೆ ಬೇರೆಯಾಗಿಯೇ ಸೃಷ್ಟಿಸಿದ್ದು ಎನ್ನುವವರು ಅಪ್ಪ. ಮಗಳು ಔಷಧಿಗೆ ಸಂಬಂಧಪಟ್ಟ ಏನೋ ಸಂಶೋಧನೆ ಮಾಡುತ್ತಾಳೆ ಎಂದು ತಿಳಿದಿದ್ದಾರೆ. ವಿಕಾಸ ಎಂಬ ಪದ ಆ ಮನೆಯ ಹೊಸಿಲು ದಾಟಿಯೇ ಇಲ್ಲ.

ಮೂರನೇ ಭೇಟಿಗೆ ಲ್ಯಾಬ್ ನೋಟ್‌ಬುಕ್ ತಂದಿದ್ದರು. ಕೆಲವು ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಇಟ್ಟ ಚಿಕ್ಕ ಚುಕ್ಕೆ. ಹುಡುಕಿದರೆ ಮಾತ್ರ ಕಾಣಬೇಕು.

"ಪ್ರಾರ್ಥನೆ ಮಾಡಿ ಕೆಲಸ ಶುರು ಮಾಡಿದ ದಿನಗಳು ಇವು" ಎಂದರು. ಎರಡು ತಿಂಗಳು ಪ್ರಯೋಗ ಕೈಕೊಟ್ಟಿತ್ತು. ಫ್ಲಾಸ್ಕಿಗೆ ಬೇರೆ ಸೂಕ್ಷ್ಮಜೀವಿ ಸೇರಿ ಎಲ್ಲ ಹಾಳಾಗುತ್ತಿತ್ತು. ಆಗ ಶುರುವಾದ ಚುಕ್ಕೆಗಳು.

"ಲೆಕ್ಕ ಹಾಕಿದ್ರಾ?"

"ಹಾಕಿದೆ. ಚುಕ್ಕೆ ಇದ್ದ ದಿನಕ್ಕೂ ಇಲ್ಲದ ದಿನಕ್ಕೂ ಏನೂ ವ್ಯತ್ಯಾಸ ಇಲ್ಲ. ತಪ್ಪು ಇದ್ದದ್ದು ಒಂದು ಬಾಟಲಿಯಲ್ಲಿ."

"ಆಮೇಲೆ ಪ್ರಾರ್ಥನೆ ಬಿಟ್ರಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ಲ. ಬಿಡಬೇಕು ಅಂತ ಅನ್ನಿಸಲೇ ಇಲ್ಲ."

"ಏನಂತ ಕೇಳ್ಕೊಳ್ತೀರಿ?"

"ಕೈ ನಡುಗದೇ ಇರಲಿ. ಬಂದ ಫಲಿತಾಂಶವನ್ನು ಬಂದ ಹಾಗೇ ಬರೆಯೋ ಧೈರ್ಯ ಕೊಡು."

ಆಕೆ ಪರೀಕ್ಷೆ ಮಾಡಿದ್ದು ಒಂದು, ಬೇಡಿಕೊಳ್ಳುತ್ತಿದ್ದದ್ದು ಇನ್ನೊಂದು. ಇದನ್ನು ನಾನು ಬಿಡಿಸಿ ಹೇಳುವ ಮೊದಲೇ ಆಕೆಗೆ ಹೊಳೆಯಿತು. ನೋಟ್‌ಬುಕ್ ಮುಚ್ಚಿ ಜೋರಾಗಿ ನಕ್ಕರು.

ದೇವರು ಇದ್ದಾನೋ ಇಲ್ಲವೋ ಹೇಳುವುದು ನನ್ನ ಕೆಲಸ ಅಲ್ಲ. ಆದರೆ ಆ ಸೀನಿಯರ್ ಮಾತು ತಾಳೆ ನೋಡಬಹುದಾದದ್ದು. ಅಮೆರಿಕದ ವಿಜ್ಞಾನಿಗಳ ನಡುವೆ ಪ್ಯೂ ಸಂಶೋಧನಾ ಕೇಂದ್ರ 2009ರಲ್ಲಿ ಸಮೀಕ್ಷೆ ಮಾಡಿತ್ತು. ದೇವರನ್ನು ನಂಬುತ್ತೇವೆ ಎಂದವರು ಶೇ. 33. ದೇವರು ಅನ್ನಲ್ಲ, ಆದರೆ ಯಾವುದೋ ಒಂದು ಶಕ್ತಿ ಇದೆ ಎಂದವರು ಶೇ. 18. ಎರಡನ್ನೂ ನಂಬದವರು ಶೇ. 41. ಆಕೆಗೆ ಹಿತವಾಗದ ಅಂಕಿಯನ್ನೂ ಮುಚ್ಚಿಡಲಿಲ್ಲ: ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರನ್ನು ಕೇಳಿದ ಸಮೀಕ್ಷೆ 1998ರಲ್ಲಿ ಪ್ರಕಟವಾಯಿತು, ಅದರಲ್ಲಿ ನಂಬುವವರು ಬರೀ ಶೇ. 7.

"ಅಂದ್ರೆ ಮೇಲೆ ಹೋದಷ್ಟೂ ನಂಬಿಕೆ ಹೋಗುತ್ತೆ?" ಎಂದರು. ವಿಜ್ಞಾನ ನಂಬಿಕೆ ಕಳೆಯಿತೋ, ನಂಬಿಕೆ ಇಲ್ಲದವರೇ ಜಾಸ್ತಿ ಅಲ್ಲಿಗೆ ಬಂದರೋ, ಬರೀ ಅಂಕಿ ನೋಡಿ ಹೇಗೆ ಹೇಳುತ್ತೀರಿ ಎಂದೆ. ವಿಜ್ಞಾನಿಗೆ ನಾನು ಇದನ್ನು ಹೇಳಬೇಕಾಗಿ ಬಂತಲ್ಲ ಎಂದು ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ.

ಆಕೆಯನ್ನು ಹಿಡಿದು ನಿಲ್ಲಿಸಿದ್ದು ಅಂಕಿಗಳಲ್ಲ, 1979ರ ಭೌತವಿಜ್ಞಾನದ ನೊಬೆಲ್. ಅದನ್ನು ಹಂಚಿಕೊಂಡ ಮೂವರಲ್ಲಿ ಅಬ್ದುಸ್ ಸಲಾಂ ಶ್ರದ್ಧೆಯ ಮುಸ್ಲಿಂ, ನೊಬೆಲ್ ಔತಣದ ಭಾಷಣದಲ್ಲೇ ಕುರಾನ್ ಸಾಲು ಹೇಳಿದವರು. ಸ್ಟೀವನ್ ವೈನ್‌ಬರ್ಗ್ ಬಹಿರಂಗ ನಾಸ್ತಿಕ. ಇಬ್ಬರೂ ಬೇರೆ ಬೇರೆಯಾಗಿ ಕೂತು ಲೆಕ್ಕ ಹಾಕಿ ಮುಟ್ಟಿದ್ದು ಒಂದೇ ಸಿದ್ಧಾಂತವನ್ನು.

ಹಾಗಂತ ಜಗಳವೇ ಇಲ್ಲ ಎಂದು ಸಮಾಧಾನ ಹೇಳಿ ಕಳಿಸುವುದು ನನಗೆ ಇಷ್ಟವಿಲ್ಲ. ಜೀವಿಗಳು ಹೇಗೆ ಬಂದವು, ಭೂಮಿ ತಿರುಗುತ್ತದೋ ಇಲ್ಲವೋ, ಇವೆಲ್ಲ ಸಾಕ್ಷ್ಯ ತೀರ್ಮಾನಿಸುವ ಪ್ರಶ್ನೆಗಳು. ಅಲ್ಲಿ ಧರ್ಮ ಅಡ್ಡ ಬಂದರೆ ತಿಕ್ಕಾಟ ನಿಜ. 1633ರಲ್ಲಿ ಗೆಲಿಲಿಯೋಗೆ ಶಿಕ್ಷೆ ಕೊಟ್ಟ ಚರ್ಚು, ಅಂದು ನ್ಯಾಯಾಧೀಶರು ತಪ್ಪಿದರು ಎಂದು ಒಪ್ಪಿದ್ದು 1992ರಲ್ಲಿ. ಈ ವಿಷಯದಲ್ಲಿ ಅಪ್ಪ ಹೇಳುವುದು ತಪ್ಪು, ನೀವು ತಲೆಯಾಡಿಸಬೇಕಾಗಿಲ್ಲ ಎಂದು ನೇರವಾಗಿ ಹೇಳಿದೆ.

ಆದರೆ ಅಪ್ಪನ ಭಯ ಬ್ಯಾಕ್ಟೀರಿಯಾದ ಬಗ್ಗೆ ಇರಲಾರದು, ಮಗಳು ನಂಬಿಕೆ ಕಳೆದುಕೊಂಡಾಳು ಎಂಬುದೇ ಇರಬೇಕು ಅಂತ ನನಗನ್ನಿಸಿತು. ಡಾರ್ವಿನ್ ಹೆಂಡತಿ ಎಮ್ಮಾ, ಮದುವೆಯಾದ ವರ್ಷವೇ, 1839ರಲ್ಲಿ, ಗಂಡನಿಗೆ ಒಂದು ಪತ್ರ ಬರೆದಿದ್ದಳು. ಸಾಬೀತಾಗುವ ತನಕ ಏನನ್ನೂ ನಂಬದಿರುವ ಅಭ್ಯಾಸ, ಹಾಗೆ ಸಾಬೀತು ಮಾಡಲಾಗದ ವಿಷಯಗಳಲ್ಲೂ ನಿಮ್ಮನ್ನು ಹಿಡಿದುಬಿಟ್ಟರೆ ಎಂಬ ಆತಂಕ ಅದರಲ್ಲಿತ್ತು. ಡಾರ್ವಿನ್‌ಗೆ ನಂಬಿಕೆ ಮರಳಲಿಲ್ಲ. ಪತ್ರವನ್ನು ಮಾತ್ರ ಇಟ್ಟುಕೊಂಡಿದ್ದ. ನಾನು ಸತ್ತ ಮೇಲೆ ತಿಳಿದುಕೋ, ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಎಂದು ಅದರ ಮೇಲೆ ಬರೆದಿದ್ದ. ಒಪ್ಪದೆಯೇ 43 ವರ್ಷ ಜೊತೆಗಿದ್ದವರು. ಇದನ್ನು ಕೇಳಿ ಆಕೆಯ ಕಣ್ಣು ತುಂಬಿತು.

ಹೇಳಿದ ಸಲಹೆ ದೊಡ್ಡದೇನಲ್ಲ. ಚುಕ್ಕೆಗಳನ್ನು ಲ್ಯಾಬ್ ನೋಟ್‌ಬುಕ್ಕಿನಿಂದ ಹೊರಗಿಡಿ. ಆ ಪುಸ್ತಕ ಕೆಲಸದ್ದು, ಪ್ರಾರ್ಥನೆ ನಿಮ್ಮದು. ಊಟದ ಮೇಜಿನಲ್ಲಿ ವಾದಕ್ಕೆ ನಿಲ್ಲಬೇಡಿ, ಆದರೆ ಸುಮ್ನೆ ನಗುವುದನ್ನೂ ನಿಲ್ಲಿಸಿ. ಅಪ್ಪನ ಹತ್ತಿರ ಸಿದ್ಧಾಂತದಿಂದ ಶುರು ಮಾಡಬೇಡಿ, ಕೆಲಸ ತೋರಿಸಿ. ಇನ್ನೊಂದು ತಿಂಗಳಲ್ಲಿ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ.

ನಿದ್ದೆ ಮುಕ್ಕಾಲು ಪಾಲು ಸುಧಾರಿಸಿದೆ. ಸೀನಿಯರ್ ಹಾಗೇ ಇದ್ದಾರೆ. ಒಂದು ರಜೆ ದಿನ ಅಪ್ಪನನ್ನು ಲ್ಯಾಬಿಗೆ ಕರೆದೊಯ್ದರಂತೆ. ಇವು ಬದಲಾಗುವುದನ್ನು ನಾನೇ ನೋಡಿದ್ದೇನೆ ಎಂದರಂತೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಫ್ಲಾಸ್ಕುಗಳ ಮುಂದೆ ಬಗ್ಗಿ ನಿಂತು, "ರಜೆ ದಿನ ಇವಕ್ಕೆ ಆಹಾರ ಹಾಕೋರು ಯಾರಮ್ಮ?" ಎಂದು ಕೇಳಿದರಂತೆ.

"ನಾನೇ, ಅಪ್ಪ."

"ಹಂಗಾದ್ರೆ ಮೊದಲು ಅದನ್ನು ಮುಗಿಸು, ನಾನು ಹೊರಗೆ ಕೂತಿರ್ತೀನಿ."