ಹಡಗಿಗೆ ಹೋದ ಅಜ್ಜನ ಜಾಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಕರಾವಳಿಯಿಂದ ಬಂದು ಬೆಂಗಳೂರಿನಲ್ಲಿ ನೆಲೆನಿಂತ ಮನೆಗಳ ಪತ್ರಗಳೇ ಈ ಸಲ ಹೆಚ್ಚು. ‘ಅಜ್ಜ ಹಡಗಿಗೆ ಹೋಗ್ತಿದ್ರಂತೆ’ ಎನ್ನುವಲ್ಲಿಗೆ ಎಲ್ಲರ ಮಾಹಿತಿಯೂ ನಿಲ್ಲುತ್ತದೆ. ಬಹುತೇಕರು ಅಜ್ಜನ ಹೆಸರು ಹಿಡಿದು ಹುಡುಕಿ ಸುಸ್ತಾಗಿದ್ದಾರೆ. ಹಡಗು ಕಚೇರಿಗಳು ಕಾಗದಪತ್ರ ಜೋಡಿಸಿಟ್ಟಿದ್ದು ಹಡಗಿನ ನಂಬರಿನ ಪ್ರಕಾರ. ಆಳಿನ ಹೆಸರು ಅಲ್ಲಿ ಕಟ್ಟಿನೊಳಗಿನ ಒಂದು ಸಾಲು ಮಾತ್ರ.

ಪ್ರಶ್ನೆ: ಮುತ್ತಜ್ಜ ಹೊನ್ನಾವರದ ಕಡೆಯವರು. 1930ರ ದಶಕದಲ್ಲಿ ಮುಂಬಯಿಯಿಂದ ಹಡಗಿಗೆ ಹೋಗುತ್ತಿದ್ದರು. ಅಟ್ಟದ ಟ್ರಂಕಿನಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕ ಸಿಕ್ಕಿದೆ. ಪುಟಪುಟಕ್ಕೂ ಮೊಹರು, ಇಂಗ್ಲಿಷ್ ಕೈಬರಹ. ಓದುವುದು ಹೇಗೆ?
– ಬಸವನಗುಡಿಯ ಓದುಗರು

ಉತ್ತರ: ನಿಮಗೆ ಸಿಕ್ಕಿರುವುದು ಬಹುಶಃ ಡಿಸ್ಚಾರ್ಜ್ ಪುಸ್ತಕ. ಕಚೇರಿ ಭಾಷೆಯಲ್ಲಿ ಕಂಟಿನ್ಯುಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್, ಅಂದರೆ ಸಿಡಿಸಿ. ಹಳೆಯ ಖಲಾಸಿಗಳ ಬಾಯಲ್ಲಿ ‘ನಲ್ಲಿ’. ಮನೆಯ ಹಿರಿಯರು ‘ಅಜ್ಜನ ನಲ್ಲಿ ಎಲ್ಲೋ ಇತ್ತು’ ಎಂದರೆ ನೀರಿನ ನಲ್ಲಿ ಎಂದುಕೊಂಡು ಸುಮ್ಮನಾಗಬೇಡಿ.

ಒಂದು ಸಾಲು ಎಂದರೆ ಒಂದು ಹಡಗಿನಲ್ಲಿ ಮಾಡಿದ ಒಂದು ಒಪ್ಪಂದದ ಅವಧಿ. ಮೊದಲ ಅಂಕಣದಲ್ಲಿ ಹಡಗಿನ ಹೆಸರು, ಅದರ ಜೊತೆಗೆ ಅಧಿಕೃತ ಸಂಖ್ಯೆ, ನೋಂದಣಿಯಾದ ಬಂದರು, ಟನ್ನೇಜು. ಆಮೇಲೆ ಹತ್ತಿದ ದಿನ ಮತ್ತು ಊರು, ಇಳಿದ ದಿನ ಮತ್ತು ಊರು, ಹುದ್ದೆ, ಯಾನದ ಬಗೆ. ಕೊನೆಯಲ್ಲಿ ಕೆಲಸ ಮತ್ತು ನಡತೆಯ ಬಗ್ಗೆ ಕ್ಯಾಪ್ಟನ್ನನ ಮೊಹರು, ಸಹಿ. ಮೊದಲು ಬರೆದಿಟ್ಟುಕೊಳ್ಳಬೇಕಾದ್ದು ಅಧಿಕೃತ ಸಂಖ್ಯೆ, ಆರಂಭದಲ್ಲಿ ಹೇಳಿದ ಹಡಗಿನ ನಂಬರು ಇದೇ. 1930ರ ದಶಕದ ಹಡಗುಗಳಲ್ಲಿ ಅದು ಸಾಮಾನ್ಯವಾಗಿ ಆರು ಅಂಕಿಯದು. ಪಕ್ಕದಲ್ಲಿರುವ ನಾಲ್ಕಂಕಿಯ ಟನ್ನೇಜನ್ನೇ ಅದೆಂದು ಬರೆದುಕೊಂಡು ದಾರಿ ತಪ್ಪುವವರಿದ್ದಾರೆ. ಹಡಗಿನ ಹೆಸರೊಂದೇ ಸಾಲದು. ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯಲ್ಲಿ ‘ಕರಂಜಾ’ ಹೆಸರಿನದೇ ಎರಡು ಹಡಗು: 1931ರದ್ದು 1942ರ ನವೆಂಬರಿನಲ್ಲಿ ಅಲ್ಜೀರಿಯಾದ ತೀರದಲ್ಲಿ ಬಾಂಬಿಗೆ ಸಿಕ್ಕಿ ಹೋಯಿತು, ಇನ್ನೊಂದು 1948ರದ್ದು. ಸಂಖ್ಯೆ ಇದ್ದರೆ ಯಾವ ಕರಂಜಾ ಎಂಬ ಗೊಂದಲವೇ ಇಲ್ಲ.

‘ವಿ.ಜಿ.’ ಎಂಬ ಮೊಹರು ‘ವೆರಿ ಗುಡ್’. ಅದು ಹೆಚ್ಚುಕಡಿಮೆ ಎಲ್ಲರಿಗೂ ಬೀಳುತ್ತಿತ್ತು, ಅದನ್ನು ಪ್ರಶಸ್ತಿ ಎಂದುಕೊಳ್ಳಬೇಕಿಲ್ಲ. ಅಪರೂಪಕ್ಕೆ ಕಾಣುವ ‘ಡಿ.ಆರ್.’ ಮಾತ್ರ ಗಮನಿಸಬೇಕಾದ್ದು: ‘ಡಿಕ್ಲೈನ್ ಟು ರಿಪೋರ್ಟ್’, ಅಭಿಪ್ರಾಯ ಹೇಳಲು ಕ್ಯಾಪ್ಟನ್ ಒಪ್ಪಲಿಲ್ಲ ಎಂದರ್ಥ. ಬೈಗುಳವನ್ನು ಬಾಯಿಬಿಡದೆ ಬೈಯುವ ರೀತಿ ಅದು. ಅಂಥ ಮೊಹರು ಬಿದ್ದವನಿಗೆ ಮುಂದಿನ ಹಡಗು ಸಿಗುವುದು ಕಷ್ಟವಿತ್ತು.

ಹುದ್ದೆಯ ಹೆಸರಿನಲ್ಲಿ ಕನ್ನಡಿಗರೇ ಹೆಚ್ಚು ಎಡವುತ್ತಾರೆ. ‘ಭಂಡಾರಿ’ ಎಂದು ಕಂಡರೆ ಅದು ಮನೆತನದ ಹೆಸರಲ್ಲ, ಖಲಾಸಿಗಳಿಗೆ ಅಡುಗೆ ಮಾಡುವವನು. ನಮ್ಮ ಮಂಜಿಗಳಲ್ಲಿ, ಅಂದರೆ ಸರಕು ಸಾಗಿಸುವ ಹಾಯಿಹಡಗುಗಳಲ್ಲಿ, ‘ತಂಡೇಲ’ ಎಂದರೆ ಹಡಗು ನಡೆಸುವ ಮುಖ್ಯಸ್ಥ. ಸ್ಟೀಮರಿನಲ್ಲಿ ಅವನು ಖಲಾಸಿಗಳ ಮುಖ್ಯಸ್ಥನಾದ ‘ಸಾರಂಗ’ನ ಕೈಕೆಳಗಿನ ಮೇಸ್ತ್ರಿ. ‘ಅಜ್ಜ ತಂಡೇಲರಾಗಿದ್ದರು’ ಎಂಬ ಮನೆಮಾತಿಗೆ ಯಾವ ಅರ್ಥ ಎಂದು ಪುಸ್ತಕ ನೋಡಿಯೇ ತೀರ್ಮಾನಿಸಿ. ‘ಕಸಬ್’ ದೀಪ, ಬಣ್ಣ, ಹಗ್ಗಗಳ ಉಗ್ರಾಣ ನೋಡುವವನು, ‘ಸುಕ್ಕಾಣಿ’ ಚುಕ್ಕಾಣಿ ಹಿಡಿಯುವವನು, ‘ಟೋಪಾಸ್’ ಗುಡಿಸುವವನು. ಆಗ್‌ವಾಲಾ, ಕೋಯ್ಲಾವಾಲಾ, ತೇಲ್‌ವಾಲಾ ಮೂವರೂ ಇಂಜಿನ್ ವಿಭಾಗದವರು.

ವಯಸ್ಸನ್ನು ನಂಬಬೇಡಿ. ಕೆಲಸ ಸಿಗಲೆಂದು ಹೆಚ್ಚು ಕಡಿಮೆ ಹೇಳುತ್ತಿದ್ದರು. ಐದು ವರ್ಷ ಆಚೀಚೆ ಇಟ್ಟುಕೊಳ್ಳಿ.

ಪುಸ್ತಕವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಹರಿದಲ್ಲಿ ಸೆಲೋಟೇಪ್ ಹಚ್ಚಬೇಡಿ. ಟೇಪಿನ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಬಿಡಿಸಹೋದರೆ ಶಾಯಿಯೂ ಕಿತ್ತು ಬರುತ್ತದೆ. ಮಾಸಿದ ಉಬ್ಬು ಮೊಹರು ಕಾಣದಿದ್ದರೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪುಟಕ್ಕೆ ಸಮನಾಗಿ ಒಂದು ಪಕ್ಕದಿಂದ ಹಾಯಿಸಿ ಫೋಟೊ ತೆಗೆಯಿರಿ. ಅಕ್ಷರದ ಅಂಚಿಗೆ ನೆರಳು ಬಿದ್ದು ಓದಲು ಬರುತ್ತದೆ. ಖಾಲಿ ಪುಟಗಳನ್ನೂ ಬಿಡದೆ ಫೋಟೊ ತೆಗೆದಿಡಿ.

ಪ್ರಶ್ನೆ: ನಮ್ಮಲ್ಲಿ ಪುಸ್ತಕವೂ ಇಲ್ಲ. ಇಂಗ್ಲಿಷರ ಕಂಪನಿ, ಒಂದೆರಡು ಹಡಗಿನ ಹೆಸರು, ಸುಮಾರು 1920ರಿಂದ 1938, ಇಷ್ಟೇ ಗೊತ್ತು. ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಹೆಸರು ಹಾಕಿದರೆ ಏನೂ ಬರುತ್ತಿಲ್ಲ.
– ರಾಜಾಜಿನಗರದ ಓದುಗರು

ಉತ್ತರ: ಬರುವುದೂ ಇಲ್ಲ. ಭಾರತೀಯ ಖಲಾಸಿಗಳು, ಅಂದರೆ ಬ್ರಿಟಿಷ್ ದಾಖಲೆಗಳ ‘ಲಸ್ಕರ’ರು, ಬೇರೆಯೇ ಒಪ್ಪಂದದ ಮೇಲೆ ಹತ್ತುತ್ತಿದ್ದರು. ಬಿಳಿಯ ನಾವಿಕರಿಗೆ ಮಾಡಿದ ಹೆಸರುವಾರು ಸೂಚಿಯಲ್ಲಿ ಅವರು ಸೇರಿದ್ದು ಕಡಿಮೆ. ಅವರ ಹೆಸರು ಉಳಿದಿರುವುದು ಹಡಗಿನ ಸಿಬ್ಬಂದಿ ಪಟ್ಟಿಯಲ್ಲಿ.

ಹೀಗೆ ಮಾಡಿ. ಮೊದಲು ಹಡಗಿನ ಹೆಸರಿನಿಂದ ಅಧಿಕೃತ ಸಂಖ್ಯೆ ಪತ್ತೆಮಾಡಿ. ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ಎಂಬ ಜಾಲತಾಣ ಇದನ್ನು ಉಚಿತವಾಗಿ ಕೊಡುತ್ತದೆ. ಒಂದೇ ಹೆಸರಿನ ನಾಲ್ಕು ಹಡಗು ಬಂದರೆ ಕಟ್ಟಿದ ವರ್ಷ, ಮಾಲೀಕರ ಹೆಸರು ನೋಡಿ ಆರಿಸಿಕೊಳ್ಳಿ. ಆಮೇಲೆ ಯಾವ ವರ್ಷದ ಪಟ್ಟಿ ಎಲ್ಲಿದೆ ಎಂಬ ಪ್ರಶ್ನೆ. ಇಲ್ಲಿ ಬ್ರಿಟಿಷರು ಒಂದು ವಿಚಿತ್ರ ಹಂಚಿಕೆ ಮಾಡಿದ್ದಾರೆ. 1861ರಿಂದ 1938ರವರೆಗಿನ ಪಟ್ಟಿಗಳಲ್ಲಿ ಶೇ. 10 ಮಾತ್ರ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ, ಬಿಟಿ 99 ಸರಣಿಯಲ್ಲಿವೆ. 5ರಲ್ಲಿ ಮುಗಿಯುವ ವರ್ಷಗಳ, ಅಂದರೆ 1925, 1935ರಂಥವುಗಳ, ಉಳಿದ ಶೇ. 90 ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಮ್ಮಿನಲ್ಲಿ. ಮಿಕ್ಕ ವರ್ಷಗಳ ಬಹುಪಾಲು, ಒಟ್ಟಿನ ಸುಮಾರು ಶೇ. 70, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದ ಮ್ಯಾರಿಟೈಮ್ ಹಿಸ್ಟರಿ ಆರ್ಕೈವಿಗೆ ಹೋಗಿದೆ. ಹೊನ್ನಾವರದವನ ಹೆಬ್ಬೆಟ್ಟು ಕೆನಡಾದಲ್ಲಿದೆ ಎಂದರೆ ನಗು ಬರಬಹುದು, ಆದರೆ ನೀವು ಹಣ ಕಟ್ಟಿ ಪ್ರತಿ ತರಿಸಿಕೊಳ್ಳಬೇಕಾದ ಜಾಗ ಹೆಚ್ಚಾಗಿ ಅದೇ. 1939ರಿಂದ 1950ರವು ಮಾತ್ರ ಮತ್ತೆ ಕ್ಯೂನಲ್ಲೇ ಇವೆ, ಯುದ್ಧಕಾಲದವು ಮುಖ್ಯವಾಗಿ ಬಿಟಿ 381ರಲ್ಲಿ.

ಪತ್ರ ಬರೆಯುವಾಗ ಅಜ್ಜನ ಕಥೆ ಬೇಡ. ಅಧಿಕೃತ ಸಂಖ್ಯೆ, ಹಡಗಿನ ಹೆಸರು, ವರ್ಷ, ‘ಲಸ್ಕರರ ಒಪ್ಪಂದದ ಹಾಳೆಗಳೂ ಬೇಕು’ ಎಂಬ ಒಂದು ಸಾಲು, ಇಷ್ಟು ಸಾಕು. ಕೊನೆಯ ಸಾಲು ಬಿಟ್ಟರೆ ಬಿಳಿಯ ಸಿಬ್ಬಂದಿಯ ಹಾಳೆಗಳ ಪ್ರತಿ ಮಾತ್ರ ಬಂದು, ಕೊಟ್ಟ ಹಣ ದಂಡವಾಗಬಹುದು. ವರ್ಷದಲ್ಲೂ ಒಂದು ಎಡವಟ್ಟಿದೆ: ಪಟ್ಟಿಗಳನ್ನು ಯಾನ ಮುಗಿದ ವರ್ಷದಲ್ಲಿ ಸೇರಿಸಿರುತ್ತಾರೆ. 1929ರ ಅಕ್ಟೋಬರಿನಲ್ಲಿ ಹತ್ತಿ 1930ರ ಆಗಸ್ಟಿನಲ್ಲಿ ಇಳಿದಿದ್ದರೆ ಕೇಳಬೇಕಾದ್ದು 1930ರ ಕಟ್ಟು.

ಹಣ ಕಟ್ಟುವ ಮೊದಲು ಪುಕ್ಕಟೆಯಾಗಿ ಮಾಡಬಹುದಾದ ಮೂರು ಹುಡುಕಾಟಗಳಿವೆ. 1915ರ ಸಿಬ್ಬಂದಿ ಪಟ್ಟಿಗಳನ್ನು ಪೂರ್ತಿಯಾಗಿ ಅಕ್ಷರಕ್ಕಿಳಿಸಿ ಜಾಲತಾಣದಲ್ಲಿ ಹಾಕಿದ್ದಾರೆ. ನಿಮ್ಮ ಅಜ್ಜನ ಹಿಂದಿನ ತಲೆಮಾರಿನವರು ಹೋಗಿದ್ದರೆ ಅಲ್ಲಿ ನೋಡಿ. ಸಿಡ್ನಿಗೆ ಬಂದ ಹಡಗುಗಳ 1845ರಿಂದ 1922ರವರೆಗಿನ ಸಿಬ್ಬಂದಿಯ ಹೆಸರುಗಳು ಇನ್ನೊಂದು ಆಸ್ಟ್ರೇಲಿಯನ್ ಜಾಲತಾಣದಲ್ಲಿವೆ. ಪಿ ಅಂಡ್ ಓ ಎಂಬ ಬ್ರಿಟಿಷ್ ಹಡಗು ಕಂಪನಿಯಲ್ಲಿದ್ದವರಿಗೆ ಇದು ಒಳ್ಳೆಯ ಜಾಗ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಹಡಗು ನ್ಯೂಯಾರ್ಕಿಗೆ ಹೋಗಿದ್ದರೆ ಅಮೆರಿಕದ ವಲಸೆ ಅಧಿಕಾರಿಗಳು ಒಬ್ಬೊಬ್ಬ ಖಲಾಸಿಯ ಹೆಸರು, ವಯಸ್ಸು, ಹುದ್ದೆ, ಎಷ್ಟು ವರ್ಷದ ಅನುಭವ, ಹತ್ತಿದ ಊರು, ಓದು ಬರುತ್ತದೆಯೇ, ಎತ್ತರ, ತೂಕ ಎಲ್ಲವನ್ನೂ ಬರೆಸಿಕೊಳ್ಳುತ್ತಿದ್ದರು. ಫ್ಯಾಮಿಲಿ ಸರ್ಚ್ ಜಾಲತಾಣದಲ್ಲಿ ಉಚಿತ ಖಾತೆ ತೆರೆದು ನ್ಯೂಯಾರ್ಕಿನ ಪ್ರಯಾಣಿಕ ಮತ್ತು ಸಿಬ್ಬಂದಿ ಪಟ್ಟಿಗಳಲ್ಲಿ ನೋಡಿ. ಫೋಟೊ ಇಲ್ಲದ ಮನೆಯಲ್ಲಿ ಅಜ್ಜ ಐದಡಿ ಮೂರಿಂಚು ಇದ್ದರು ಎಂಬುದಾದರೂ ಸಿಗುತ್ತದೆ.

ಎಲ್ಲ ಕಡೆಯೂ ಕಾಗುಣಿತ ಕಾಡುತ್ತದೆ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ. ಹೊನ್ನಾವರ ಆಗಿನ ಇಂಗ್ಲಿಷಿನಲ್ಲಿ ‘ಹೊನೋರ್’, ಕುಂದಾಪುರ ‘ಕೂಂಡಾಪೂರ್’, ಕಾರವಾರ ‘ಕೆ’ ಬದಲು ‘ಸಿ’ ಅಕ್ಷರದಿಂದಲೂ ಶುರುವಾಗುತ್ತದೆ. ಖಾರ್ವಿ ಎಂಬ ಅಡ್ಡಹೆಸರನ್ನು ‘ಎಚ್’ ಇಟ್ಟು, ಬಿಟ್ಟು, ‘ವಿ’ ಜಾಗದಲ್ಲಿ ‘ಡಬ್ಲ್ಯು’ ಹಾಕಿ, ಎಲ್ಲ ರೀತಿಯಲ್ಲೂ ಹುಡುಕಬೇಕು. ಹೆಸರಿಗಿಂತ ಊರಿನಿಂದ ಹುಡುಕಿದರೆ ಬೇಗ ಸಿಗುತ್ತದೆ. ಆಮೇಲೆ ತಂದೆಯ ಹೆಸರು ತಾಳೆ ನೋಡಿ. ಒಂದೇ ಹಡಗಿನಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಇರುವುದು ಮಾಮೂಲು, ಸಾರಂಗರು ತಮ್ಮ ಊರಿನವರನ್ನೇ ಕರೆದೊಯ್ಯುತ್ತಿದ್ದರು.

ಪ್ರಶ್ನೆ: ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಕೇಳಿದರೆ ಖಲಾಸಿಗಳ ದಾಖಲೆ ಸಿಗುತ್ತದೆಯೇ?
– ಆರ್.ಟಿ. ನಗರದ ಓದುಗರು

ಉತ್ತರ: ಅಲ್ಲಿ ಮುಖ್ಯವಾಗಿ ಇರುವುದು ಮೈಸೂರು ಸಂಸ್ಥಾನದ ಕಡತಗಳು, ಆ ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಕನ್ನಡ ರಾಜ್ಯ ಪುನರ್ವಿಂಗಡಣೆಯಾದ 1956ರವರೆಗೂ ಮದರಾಸಿನಲ್ಲೇ ಇತ್ತು. ಆದ್ದರಿಂದ ಜಿಲ್ಲಾ ಕಡತಗಳಿಗೆ ಮೊದಲನೆಯವರು ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರ, ಎರಡನೆಯವರು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ ನೋಡಬೇಕು. ಹಡಗಿನ ಕಾಗದಕ್ಕೆ ಮಾತ್ರ ಹುಟ್ಟೂರು ಲೆಕ್ಕಕ್ಕಿಲ್ಲ, ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದ ಬಂದರು ಲೆಕ್ಕ. ಗಂಗೊಳ್ಳಿಯವನಾದರೂ ಮುಂಬಯಿಯಲ್ಲಿ ಹತ್ತಿದ್ದರೆ ಅವನು ಮುಂಬಯಿಯವನೇ.

ಪ್ರಶ್ನೆ: ತಂದೆಯವರು 1962ರಿಂದ ಇಪ್ಪತ್ತು ವರ್ಷ ಭಾರತೀಯ ಕಂಪನಿಯ ಹಡಗುಗಳಲ್ಲಿದ್ದರು. ಪುಸ್ತಕ ಕಳೆದಿದೆ. ಕಚೇರಿಯೊಂದಕ್ಕೆ ಪತ್ರ ಬರೆದು ಎಂಟು ತಿಂಗಳಾಯಿತು, ಉತ್ತರವಿಲ್ಲ.
– ಮಲ್ಲೇಶ್ವರದ ಓದುಗರು

ಉತ್ತರ: ಸಾದಾ ಪತ್ರಕ್ಕೆ ಗಡುವಿಲ್ಲ, ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದ ಗಡುವಿದೆ. ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲಿ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಆರಿಸಿ, 10 ರೂ. ಶುಲ್ಕ ಕಟ್ಟಿ, ಮುಂಬಯಿಯ ಶಿಪ್ಪಿಂಗ್ ಮಾಸ್ಟರ್ ಕಚೇರಿಯ ದಾಖಲೆ ಎಂದು ಸ್ಪಷ್ಟವಾಗಿ ಬರೆಯಿರಿ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಊರು, ಗೊತ್ತಿದ್ದರೆ ಸಿಡಿಸಿ ಸಂಖ್ಯೆ, ಎರಡು ಹಡಗಿನ ಹೆಸರು, ಸುಮಾರು ದಿನಾಂಕ ಕೊಡಿ. ‘ಸೇವೆಯ ವಿವರ ತಿಳಿಸಿ’ ಎನ್ನಬೇಡಿ, ‘ಸಿಡಿಸಿ ನೋಂದಣಿ ಪುಟದ ಪ್ರತಿ ಕೊಡಿ’ ಎನ್ನಿ. ಇರುವ ಕಾಗದ ಕೊಡುವುದಷ್ಟೇ ಅವರ ಬಾಧ್ಯತೆ, ಹೊಸದಾಗಿ ಬರೆದು ಕೊಡುವುದಲ್ಲ. ಪ್ರತಿ ಪುಟಕ್ಕೆ 2 ರೂ. ಕಡತ ನೋಡಲು ಹೋದರೆ ಮೊದಲ ಗಂಟೆ ಉಚಿತ.

ವೈಯಕ್ತಿಕ ಮಾಹಿತಿ ಎಂದು ತಿರಸ್ಕರಿಸಿದರೆ ಕಾಯ್ದೆಯ 8(3)ನ್ನು ತೋರಿಸಿ 30 ದಿನದೊಳಗೆ ಮೇಲ್ಮನವಿ ಹಾಕಿ. 20 ವರ್ಷಕ್ಕಿಂತ ಹಿಂದಿನ ಸಂಗತಿಗಳಿಗೆ ಆ ತಕರಾರು ನಡೆಯುವುದಿಲ್ಲ. ‘ದಾಖಲೆ ನಾಶಪಡಿಸಲಾಗಿದೆ’ ಎಂಬ ಉತ್ತರ ಬಂದರೆ ನಾಶಪಡಿಸಿದ ಆದೇಶದ ಪ್ರತಿ ಕೇಳಿ. ಕೇಳಿದ ಮೇಲೆ ಮತ್ತೊಮ್ಮೆ ಹುಡುಕುವ ಸಾಧ್ಯತೆ ಹೆಚ್ಚು.

ಮುಂಬಯಿಯ ಸೀಮೆನ್ಸ್ ಪ್ರಾವಿಡೆಂಟ್ ಫಂಡ್ ಕಚೇರಿಗೂ ಪ್ರತ್ಯೇಕವಾಗಿ ಬರೆಯಿರಿ. 1966ರ ಕಾಯ್ದೆಯ ಫಂಡ್ ಅದು. ಕಂಪನಿ ಕಟ್ಟಿದ ವಂತಿಗೆಯ ಲೆಕ್ಕ ಉಳಿದಿದ್ದರೆ ಯಾವ ಹಡಗು, ಎಷ್ಟು ತಿಂಗಳು ಎಂಬುದು ಅದರಿಂದಲೇ ತಿಳಿಯುತ್ತದೆ.

ಪ್ರಶ್ನೆ: ಅಜ್ಜಿಯ ಅಣ್ಣ ಎರಡನೇ ಮಹಾಯುದ್ಧದಲ್ಲಿ ಹಡಗು ಮುಳುಗಿ ತೀರಿಕೊಂಡರು. ಲಂಡನ್ನಿನ ಟವರ್ ಹಿಲ್ ಸ್ಮಾರಕದ ಪಟ್ಟಿಯಲ್ಲಿ ಹೆಸರಿಲ್ಲ.
– ವಿಜಯನಗರದ ಓದುಗರು

ಉತ್ತರ: ಭಾರತೀಯ ಖಲಾಸಿಗಳನ್ನು ಅಲ್ಲಿ ಹುಡುಕಬಾರದು. ಎರಡನೇ ಯುದ್ಧದಲ್ಲಿ ಸತ್ತವರ ಹೆಸರು ಮುಂಬಯಿ ಮತ್ತು ಚಿತ್ತಗಾಂಗ್ ಸ್ಮಾರಕಗಳ ಪುಸ್ತಕದಲ್ಲಿದೆ; ಒಂದೇ ಪುಸ್ತಕ, ಎರಡು ಪ್ರತಿ. ಮುಂಬಯಿಯದು ಇಂಡಿಯನ್ ಸೇಲರ್ಸ್ ಹೋಮಿನಲ್ಲಿದೆ. ಮೊದಲ ಯುದ್ಧದವರ ಸ್ಮಾರಕವೂ ಅಲ್ಲಿಯೇ. ಮನೆಯಲ್ಲೇ ಕುಳಿತು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹುಡುಕಬಹುದು, ದುಡ್ಡು ಬೇಡ. ಹೆಸರಿನ ಜಾಗ ಖಾಲಿ ಬಿಟ್ಟು, ‘ಹೆಚ್ಚುವರಿ ಮಾಹಿತಿ’ ಎಂಬಲ್ಲಿ ಊರಿನ ಹೆಸರು ಹಾಕಿ. ಕೆಲವರ ತಂದೆ, ಹೆಂಡತಿ, ಹಳ್ಳಿಯ ಹೆಸರು ಅಲ್ಲಿರುತ್ತದೆ. ಸಿಕ್ಕಿದ ಪುಟದಲ್ಲಿ ಹಡಗಿನ ಹೆಸರು, ದಿನಾಂಕ ಇರುತ್ತದೆ. ಅದನ್ನು ಹಿಡಿದು ಮೇಲೆ ಹೇಳಿದ ಬಿಟಿ 381ಕ್ಕೆ ಹೋಗಿ. ಮನೆಯಲ್ಲಿ ‘ಆಫ್ರಿಕಾಕ್ಕೆ ಹೋಗುವಾಗ ಜಪಾನಿನವರು ಮುಳುಗಿಸಿದರು’ ಎಂಬ ಮಾತಿದ್ದರೆ ‘ತಿಲಾವಾ’ ಹಡಗನ್ನು ಮೊದಲು ನೋಡಿ. ಮುಂಬಯಿಯಿಂದ ಮೊಂಬಾಸಕ್ಕೆ ಹೊರಟಿದ್ದ ಅದು ಮುಳುಗಿದ್ದು 1942ರ ನವೆಂಬರ್ 23ರಂದು.

ಪ್ರಶ್ನೆ: ಅಜ್ಜ ನೇವಿಯಲ್ಲಿದ್ದರು ಎನ್ನುತ್ತಾರೆ. ಕಂಪನಿ ಹಡಗೋ, ಯುದ್ಧದ ಹಡಗೋ ತಿಳಿಯುವುದು ಹೇಗೆ?
– ಯಲಹಂಕದ ಓದುಗರು

ಉತ್ತರ: ಫೋಟೊ ಇದ್ದರೆ ಟೊಪ್ಪಿಯ ಪಟ್ಟಿ ನೋಡಿ. 1934ರಿಂದ 1950ರವರೆಗಿನ ರಾಯಲ್ ಇಂಡಿಯನ್ ನೇವಿಯ ಹಡಗುಗಳ ಹೆಸರಿಗೆ ಮೊದಲು ‘ಎಚ್.ಎಂ.ಐ.ಎಸ್.’ ಇರುತ್ತಿತ್ತು. ಆ ದಾಖಲೆ ಶಿಪ್ಪಿಂಗ್ ಕಚೇರಿಯಲ್ಲಿ ಇರುವುದಿಲ್ಲ. ನೌಕಾಪಡೆಯ ನಾವಿಕರದು ಮುಂಬಯಿ ಮಾನ್‌ಖುರ್ದಿನ ಬ್ಯೂರೋ ಆಫ್ ಸೇಲರ್ಸ್‌ನಲ್ಲಿ. ಬೆಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ಪತ್ರ ಕಳಿಸಿದರೆ ದಾರಿ ಸುಗಮ.

ಪ್ರಶ್ನೆ: ಮಂಗಳೂರಿನ ಬಂದರಿನಿಂದ ಹೆಂಚು ಒಯ್ಯುತ್ತಿದ್ದ ಮಂಜಿಯಲ್ಲಿ ಅಜ್ಜ ತಂಡೇಲರು. ಅವರ ದಾಖಲೆ?
– ಕತ್ರಿಗುಪ್ಪೆಯ ಓದುಗರು

ಉತ್ತರ: ಸ್ಟೀಮರಿನವರಿಗಿದ್ದಂಥ ಡಿಸ್ಚಾರ್ಜ್ ಪುಸ್ತಕವನ್ನು ಮಂಜಿಯವರಲ್ಲಿ ನಿರೀಕ್ಷಿಸಬೇಡಿ. ಇಲ್ಲಿ ಆಳಿನ ಬದಲು ಮಂಜಿಯ ಮಾಲೀಕರ ಮನೆ ಹುಡುಕಬೇಕು. ಹೆಂಚಿನ ಎಣಿಕೆ, ಬಾಡಿಗೆ, ತಂಡೇಲರಿಗೆ ಕೊಟ್ಟ ಮುಂಗಡ ಬರೆದ ಲೆಕ್ಕದ ಪುಸ್ತಕ ಅಲ್ಲಿ ಉಳಿದಿದ್ದರೆ ಉಂಟು. ಮಂಜಿಯ ಹೆಸರು ಗೊತ್ತಾದರೆ ಅದು ನೋಂದಣಿಯಾದ ಬಂದರಿನ ರಿಜಿಸ್ಟರಿನಲ್ಲಿ ಮಾಲೀಕರ ಹೆಸರು ಹುಡುಕಿ. ಮಳೆಗಾಲದಲ್ಲಿ ಮಂಜಿಗಳು ಕಡಲಿಗಿಳಿಯುತ್ತಿರಲಿಲ್ಲ, ಹಾಗಾಗಿ ಲೆಕ್ಕ ಚುಕ್ತಾ ಆಗುತ್ತಿದ್ದದ್ದು ಮಳೆ ಹಿಡಿಯುವ ಮುಂಚೆ. ಪುಸ್ತಕ ಸಿಕ್ಕಿದರೆ ಮೇ ತಿಂಗಳ ಪುಟಗಳನ್ನು ಮೊದಲು ತೆರೆಯಿರಿ.